ತುತ್ತಿಗೂ ಗುಟುಕಿಗೂ ನಡುವೆ ಅರ್ಧ ಗಂಟೆ: ತೂಕದ ಆಪರೇಷನ್ ಆದವರು ಊಟದ ಜೊತೆ ನೀರು ಕುಡಿಯಬಾರದಾ?

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರ ಕೈಗೆ ಆಸ್ಪತ್ರೆಯಿಂದ ಹೊರಡುವಾಗ ಒಂದು ಹಾಳೆ ಬರುತ್ತದೆ. ಅದರಲ್ಲಿ ಎರಡು ಮಾತು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಊಟದ ಜೊತೆ ನೀರು ಕುಡಿಯಬೇಡಿ, ಊಟ ಮುಗಿದು ಅರ್ಧ ಗಂಟೆಯಾಗಲಿ ಅನ್ನುವುದು ಒಂದು. ದಿನಕ್ಕೆ ಕಡಿಮೆ ಅಂದರೂ ಒಂದೂವರೆ ಲೀಟರ್ ಕುಡಿಯಿರಿ ಅನ್ನುವುದು ಇನ್ನೊಂದು. ಓದುವಾಗ ಎರಡೂ ಸರಿಯಾಗಿಯೇ ಕಾಣುತ್ತವೆ. ಮನೆಗೆ ಬಂದು ಪಾಲಿಸೋಕೆ ಹೊರಟಾಗಲೇ ಒಂದು ಇನ್ನೊಂದರ ಕಾಲು ತುಳಿಯುತ್ತದೆ ಅಂತ ಗೊತ್ತಾಗುವುದು.

ಇದರ ಮೇಲೆ ಸುದ್ದಿಗಳ ಗೊಂದಲ ಬೇರೆ. ಊಟದ ಜೊತೆ ನೀರು ಕುಡಿದರೆ ಹೊಟ್ಟೆ ಮತ್ತೆ ಹಿಗ್ಗಿ ಆಪರೇಷನ್ನೇ ದಂಡವಾಗುತ್ತದೆ ಅಂತ ಒಂದು ಕಡೆ ಓದುತ್ತೇವೆ. ಈ ನಿಯಮಕ್ಕೆ ಗಟ್ಟಿ ಆಧಾರವೇ ಇಲ್ಲ ಅಂತ ಇನ್ನೊಂದು ಕಡೆ ಓದುತ್ತೇವೆ. ಒಂದು ಆಸ್ಪತ್ರೆ ಊಟಕ್ಕೆ ಅರ್ಧ ಗಂಟೆ ಮೊದಲೇ ನೀರು ನಿಲ್ಲಿಸಿ ಅನ್ನುತ್ತದೆ. ಮತ್ತೊಂದು, ತಟ್ಟೆ ಮುಂದೆ ಕೂರುವವರೆಗೂ ಕುಡಿಯಬಹುದು ಅನ್ನುತ್ತದೆ. ಊಟದ ನಂತರ ಎಷ್ಟು ಹೊತ್ತು ಅಂತ ಕೇಳಿದರೆ ಕೆಲವರು 30 ನಿಮಿಷ, ಕೆಲವರು ಒಂದು ಗಂಟೆ.

ಈ ಗೊಂದಲಕ್ಕೆ ಸಿಗುವ ಜನರೂ ಹೆಚ್ಚುವಂತಿದೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಜ್ಞರ ಸಮಿತಿ ಒಂದು ಮಿತಿ ಹಾಕಿಕೊಟ್ಟಿತ್ತು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಸಂಖ್ಯೆ, 40 ಇದ್ದವರಿಗೆ, ಜೊತೆಯಲ್ಲಿ ಗಂಭೀರ ಕಾಯಿಲೆ ಇದ್ದರೆ 35 ಇದ್ದವರಿಗೆ ಈ ಆಪರೇಷನ್ ಅಂತ. 2022ರಲ್ಲಿ ಈ ಕ್ಷೇತ್ರದ ಎರಡು ದೊಡ್ಡ ಸಂಘಟನೆಗಳಾದ ಎಎಸ್‌ಎಂಬಿಎಸ್ ಮತ್ತು ಐಎಫ್‌ಎಸ್‌ಒ ಆ ಮಿತಿಯನ್ನು ಇಳಿಸಿದವು. ಬೇರೆ ಕಾಯಿಲೆ ಇರಲಿ, ಇಲ್ಲದಿರಲಿ, 35 ಇದ್ದರೆ ಸಾಕು. ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ 30ರಿಂದಲೇ ಯೋಚಿಸಬಹುದು ಅಂದವು. ಅಂದರೆ ಈ ಹಾಳೆಯನ್ನು ಹಿಡಿದು ಮನೆಗೆ ಹೋಗುವವರು ಮುಂದೆ ಇನ್ನೂ ಜಾಸ್ತಿ. ಹಾಗಾಗಿ ಆ ಎರಡು ಸಾಲಿನ ಹಿಂದೆ ಏನಿದೆ ಅಂತ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲೇ ಹೇಳಿಬಿಡುತ್ತೇನೆ. ಊಟದ ಜೊತೆ ಕುಡಿಯಬೇಡಿ ಅನ್ನುವ ನಿಯಮ ಸುಳ್ಳಲ್ಲ. ಆದರೆ ಅದನ್ನು ಎಲ್ಲರಿಗೂ, ಎಲ್ಲ ಕಾಲಕ್ಕೂ ಒಂದೇ ಬಿಗಿಯಲ್ಲಿ ಕಟ್ಟುವುದು ತಪ್ಪು. ಎರಡು ನಿಯಮ ಡಿಕ್ಕಿ ಹೊಡೆದಾಗ ದಿನದ ನೀರಿನ ಲೆಕ್ಕವೇ ಮೊದಲು ಬರಬೇಕು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಹೊಟ್ಟೆಯೊಳಗೆ ಏನು ಬದಲಾಗಿರುತ್ತದೆ

ಮಾಮೂಲಿ ಹೊಟ್ಟೆ ಒಂದು ಮೆತ್ತನೆಯ ಚೀಲ. ಊಟ ಬಿದ್ದಂತೆ ಅದರ ಮೇಲ್ಭಾಗ ಸಡಿಲಗೊಂಡು ಹಿಗ್ಗುತ್ತದೆ. ಒಂದು ಲೀಟರ್‌ವರೆಗೆ ಆರಾಮಾಗಿ ಹಿಡಿಯುತ್ತದೆ. ಕೆಳಭಾಗ ಗಿರಣಿಯ ಹಾಗೆ. ಗಟ್ಟಿ ಆಹಾರವನ್ನು ಅರೆದು ಅರೆದು ಒಂದೆರಡು ಮಿಲಿಮೀಟರ್‌ನಷ್ಟು ಚಿಕ್ಕದು ಮಾಡುತ್ತದೆ. ತುದಿಯಲ್ಲಿ ಪೈಲೋರಸ್ ಅನ್ನುವ ಸ್ನಾಯುವಿನ ಬಾಗಿಲಿದೆ. ನುಣ್ಣಗಾದದ್ದನ್ನು ಅದು ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ.

ನೀರಿಗೆ ಇಷ್ಟೆಲ್ಲ ಕಾಯುವ ಕೆಲಸವಿಲ್ಲ. ಆರೋಗ್ಯವಂತರ ಹೊಟ್ಟೆಯನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದ ಸಂಶೋಧಕರು ಒಂದು ಸೊಗಸಾದ ಸಂಗತಿ ಕಂಡಿದ್ದಾರೆ. ಹೊಟ್ಟೆ ತುಂಬಿದ್ದರೂ, ಮೇಲೆ ಕುಡಿದ ನೀರು ಊಟದ ಜೊತೆ ಪೂರ್ತಿ ಬೆರೆಯದೆ, ಹೊಟ್ಟೆಯ ಒಳಬಾಗಿನ, ಅಂದರೆ ಒಳಕ್ಕೆ ಬಾಗಿದ ಗಿಡ್ಡ ಅಂಚಿನ, ಗೋಡೆಗುಂಟ ಹರಿದು ಬೇಗ ಹೊರಟುಹೋಗುತ್ತದೆ. ಈ ದಾರಿಗೆ ಜರ್ಮನ್ ಭಾಷೆಯಲ್ಲಿ ಮಾಗೆನ್‌ಸ್ಟ್ರಾಸೆ ಅಂತ ಹೆಸರು. ಹೊಟ್ಟೆಯ ರಸ್ತೆ ಅಂತಲೇ ಅದರ ಅರ್ಥ.

ಈಗ ಸ್ಲೀವ್ ಆಪರೇಷನ್ ನೋಡಿ. ಇದರಲ್ಲಿ ಹೊಟ್ಟೆಯ ಹೊರಬಾಗಿನ ಕಡೆಯ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಒಳಬಾಗಿನ ಉದ್ದಕ್ಕೂ ಬಾಳೆಹಣ್ಣಿನ ಆಕಾರದ ಕೊಳವೆಯೊಂದು ಉಳಿಯುತ್ತದೆ. ಮೊದಮೊದಲು ಅದು ಹಿಡಿಯುವುದು 100ರಿಂದ 150 ಮಿಲಿಲೀಟರ್. ಅಂದರೆ ನೀರಿಗೆ ಪಕ್ಕದ ದಾರಿಯಾಗಿದ್ದ ಆ ರಸ್ತೆಯೇ ಈಗ ಇಡೀ ಹೊಟ್ಟೆ. ಊಟವೂ ಅಲ್ಲೇ ಕೂರಬೇಕು, ನೀರೂ ಅಲ್ಲೇ ಹೋಗಬೇಕು. ಸುಲಭವಾಗಿ ಹಿಗ್ಗುತ್ತಿದ್ದ ಮೇಲ್ಭಾಗವನ್ನು ತೆಗೆದಿರುವುದರಿಂದ ಒಳಗಿನ ಒತ್ತಡವೂ ಜಾಸ್ತಿ. ಒಂದೇ ಸಮಾಧಾನ, ಪೈಲೋರಸ್ ಬಾಗಿಲು ಹಾಗೇ ಉಳಿದಿರುತ್ತದೆ.

ಗ್ಯಾಸ್ಟ್ರಿಕ್ ಬೈಪಾಸ್ ಕತೆ ಬೇರೆ. ಇಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಹೊಲಿಯುತ್ತಾರೆ. ಅರೆಯುವ ಗಿರಣಿಯೂ ತಡೆಯುವ ಬಾಗಿಲೂ ಊಟದ ದಾರಿಯಿಂದ ಆಚೆ ಉಳಿಯುತ್ತವೆ. ತಡೆ ಅಂತ ಇರುವುದು ಹೊಲಿದ ಜಾಗದ ಕಿರಿದಾದ ತೂತು ಮಾತ್ರ. ಹೀಗಾಗಿ ಒಂದೇ ಲೋಟ ನೀರು ಸ್ಲೀವ್ ಆದವರಲ್ಲಿ ಒಂದು ಥರ, ಬೈಪಾಸ್ ಆದವರಲ್ಲಿ ಇನ್ನೊಂದು ಥರ ವರ್ತಿಸುತ್ತದೆ.

ನಿಯಮ ಹುಟ್ಟಿದ್ದು ತೂಕಕ್ಕಾಗಿ ಅಲ್ಲ

ತೂಕದ ಆಪರೇಷನ್‌ಗಳು ಬರುವುದಕ್ಕೂ ಎಷ್ಟೋ ಮೊದಲೇ, ಹೊಟ್ಟೆಯ ಹುಣ್ಣಿಗೆ ಮತ್ತು ಕ್ಯಾನ್ಸರ್‌ಗೆ ಹೊಟ್ಟೆಯ ಒಂದು ಭಾಗ ತೆಗೆಯುತ್ತಿದ್ದರು. ಅಂಥವರಲ್ಲಿ ಕೆಲವರಿಗೆ ಊಟವಾದ ಸ್ವಲ್ಪ ಹೊತ್ತಿಗೇ ಎದೆ ಹೊಡೆದುಕೊಳ್ಳುವುದು, ಬೆವರುವುದು, ಹೊಟ್ಟೆ ನುಲಿಯುವುದು, ಭೇದಿ ಶುರುವಾಗುತ್ತಿತ್ತು. 1913ರಲ್ಲಿ ಬ್ರಿಟನ್ನಿನ ವೈದ್ಯ ಆರ್ಥರ್ ಹರ್ಟ್ಜ್ ಇದನ್ನು ವಿವರಿಸಿದರು. 1922ರಲ್ಲಿ ಇದಕ್ಕೆ ಡಂಪಿಂಗ್ ಅನ್ನುವ ಹೆಸರು ಬಂತು. ಹೊಟ್ಟೆಯಲ್ಲಿದ್ದದ್ದು ಒಮ್ಮೆಗೇ ಕರುಳಿಗೆ ಸುರಿದುಬಿಡುತ್ತದೆ ಅಂತ ಆ ಹೆಸರು.

ಇಂಥವರಿಗೆ ಇವತ್ತಿಗೂ ಹೇಳುವ ಬುದ್ಧಿಮಾತು ಒಂದೇ: ಸ್ವಲ್ಪ ಸ್ವಲ್ಪ ಉಣ್ಣಿ, ಸಕ್ಕರೆ ಕಡಿಮೆ ಮಾಡಿ, ನೀರನ್ನು ಊಟದಿಂದ ಬೇರೆ ಇಡಿ. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ತೂಕಕ್ಕಾಗಿ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದಾಗ, ಅದರ ಹಿಂದಿನ ಯೋಚನೆ ಬಂದದ್ದೂ ಹುಣ್ಣಿನ ಆಪರೇಷನ್‌ಗಳಿಂದಲೇ. ಹೊಟ್ಟೆಯ ಭಾಗ ತೆಗೆಸಿಕೊಂಡವರು ತೂಕ ಕಳೆದುಕೊಳ್ಳುತ್ತಿದ್ದುದು ಸರ್ಜನ್‌ಗಳ ಕಣ್ಣಿಗೆ ಬಿದ್ದಿತ್ತು. ಆಪರೇಷನ್ ಅಲ್ಲಿಂದ ಬಂದ ಮೇಲೆ ಅದರ ತೊಂದರೆಯೂ ಬಂತು, ತೊಂದರೆಗೆ ಹೇಳುವ ಪಥ್ಯವೂ ಬಂತು.

ಈ ಹಿನ್ನೆಲೆ ಮುಖ್ಯ. ಅಮೆರಿಕದ ತಜ್ಞ ಸಂಘಗಳು 2013ರಲ್ಲಿ ಒಟ್ಟಾಗಿ ತಂದ ಮಾರ್ಗಸೂಚಿಯನ್ನು ಗಮನವಿಟ್ಟು ಓದಿ. ಊಟದ ಜೊತೆಗೇ ಕುಡಿಯಬೇಡಿ, ಊಟವಾಗಿ ಕನಿಷ್ಠ 30 ನಿಮಿಷದ ನಂತರ ನಿಧಾನವಾಗಿ ಕುಡಿಯಿರಿ, ದಿನಕ್ಕೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ಆಗಲಿ ಅಂತಿದೆ. ಕಾರಣವನ್ನೂ ಅಲ್ಲೇ ಕೊಟ್ಟಿದ್ದಾರೆ: ಹೊಟ್ಟೆ ಮತ್ತು ಕರುಳಿನ ತೊಂದರೆ ತಪ್ಪಿಸಲು. ಆ ಸಾಲಿನಲ್ಲಿ ತೂಕ ವಾಪಸ್ ಬರುವ ಮಾತಿಲ್ಲ, ಚೀಲ ಹಿಗ್ಗುವ ಮಾತಿಲ್ಲ. ಆ ಭಯ ಹಬ್ಬುವುದು ಹಾಳೆಯಿಂದ ಹಾಳೆಗೆ, ಬಾಯಿಂದ ಬಾಯಿಗೆ.

ಬೇಡ ಅನ್ನುವವರು ಕೊಡುವ ಕಾರಣಗಳು

ಮೊದಲ ಕಾರಣ ಜಾಗ. 100 ಮಿಲಿಲೀಟರ್ ಹಿಡಿಯುವ ಕೊಳವೆಯಲ್ಲಿ ಅರ್ಧವನ್ನು ನೀರೇ ತುಂಬಿದರೆ ಊಟಕ್ಕೆ ಎಲ್ಲಿ ಜಾಗ? ಈ ಆಪರೇಷನ್ ಆದವರು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ತಿನ್ನಬೇಕು ಅನ್ನುತ್ತಾರೆ. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ನಾಲ್ಕೇ ತುತ್ತು ಹೋಗುವ ದಿನಗಳಲ್ಲಿ ಆ ನಾಲ್ಕು ತುತ್ತನ್ನು ನೀರು ನುಂಗಿಹಾಕಬಾರದು ಅಲ್ವಾ. ಮೊದಲ ಕೆಲವು ತಿಂಗಳಿಗೆ ಈ ಮಾತಿಗೆ ಬೆಲೆಯಿದೆ.

ಎರಡನೆಯದು ಒತ್ತಡ. ತುಂಬಿದ ಕೊಳವೆಗೆ ಮೇಲಿಂದ ನೀರು ಸುರಿದರೆ ಅದು ಕೆಳಗೆ ಇಳಿಯದೆ ಮೇಲಕ್ಕೇ ಬರುತ್ತದೆ. ವಾಕರಿಕೆ, ಎದೆ ಉರಿ, ವಾಂತಿ. ಸ್ಲೀವ್ ಆದ ಮೇಲೆ ಹುಳಿತೇಗು ಮತ್ತು ಎದೆ ಉರಿ ಮೊದಲೇ ಸಾಮಾನ್ಯ. ಅದಕ್ಕೆ ಇನ್ನಷ್ಟು ತುಪ್ಪ ಸುರಿಯುವುದು ಬೇಡ ಅನ್ನುವುದು ಸರಿಯಾದ ಮಾತೇ.

ಮೂರನೆಯದು ಡಂಪಿಂಗ್. ಸಿಹಿ ಇರುವ, ಸಾಂದ್ರವಾದ ಆಹಾರ ಒಮ್ಮೆಗೇ ಸಣ್ಣ ಕರುಳಿಗೆ ಬಿದ್ದರೆ, ಅದನ್ನು ತೆಳುವು ಮಾಡಲು ರಕ್ತದಲ್ಲಿರುವ ನೀರು ಕರುಳಿನೊಳಕ್ಕೆ ಬರುತ್ತದೆ. ಕರುಳು ಉಬ್ಬುತ್ತದೆ, ರಕ್ತನಾಳದಲ್ಲಿ ನೀರಿನಂಶ ಕಡಿಮೆಯಾಗುತ್ತದೆ, ಎದೆ ಬಡಿತ ಏರುತ್ತದೆ. ಸಾಮಾನ್ಯವಾಗಿ ಊಟವಾಗಿ ಒಂದು ಗಂಟೆಯೊಳಗೆ ಇದು ಶುರುವಾಗುತ್ತದೆ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ. ಸಕ್ಕರೆ ತಟ್ಟನೆ ರಕ್ತಕ್ಕೆ ಏರಿದ್ದಕ್ಕೆ ದೇಹ ಜಾಸ್ತಿ ಇನ್ಸುಲಿನ್ ಬಿಡುತ್ತದೆ, ಆಮೇಲೆ ರಕ್ತದ ಸಕ್ಕರೆ ಕುಸಿಯುತ್ತದೆ. ಊಟದ ಜೊತೆ ಕುಡಿದ ನೀರು ಆಹಾರವನ್ನು ತೆಳುವಾಗಿಸಿ ಬೇಗ ಕೆಳಗೆ ಸಾಗಿಸಿದರೆ ಎರಡೂ ಜೋರಾಗಬಹುದು. ಬೈಪಾಸ್ ಆದವರಲ್ಲಿ ತಡೆಯುವ ಬಾಗಿಲು ಇಲ್ಲದಿರುವುದರಿಂದ ಈ ಅಪಾಯ ಹೆಚ್ಚು. ಡಂಪಿಂಗ್ ಬಗ್ಗೆ 2020ರಲ್ಲಿ ಬಂದ ಅಂತರರಾಷ್ಟ್ರೀಯ ತಜ್ಞರ ಒಮ್ಮತವೂ ಊಟದ ನಂತರ ಕನಿಷ್ಠ 30 ನಿಮಿಷ ದ್ರವ ತಡೆಯಿರಿ ಅಂತಲೇ ಹೇಳುತ್ತದೆ. ಇಡೀ ನಿಯಮಕ್ಕೆ ಇರುವ ಅತ್ಯಂತ ಗಟ್ಟಿಯಾದ ಕಂಬ ಇದೇ ಅಂತ ನನಗನ್ನಿಸುತ್ತದೆ.

ನಾಲ್ಕನೆಯದು, ಎಲ್ಲರ ಬಾಯಲ್ಲೂ ಇರುವುದು: ನೀರು ಊಟವನ್ನು ತೊಳೆದುಕೊಂಡು ಹೋಗುತ್ತದೆ, ಹೊಟ್ಟೆ ಬೇಗ ಖಾಲಿಯಾಗುತ್ತದೆ, ಮತ್ತೆ ಹಸಿವಾಗುತ್ತದೆ, ಜಾಸ್ತಿ ತಿನ್ನುತ್ತೀರಿ, ತೂಕ ಏರುತ್ತದೆ. ಐದು ಮೆಟ್ಟಿಲಿನ ವಾದ ಇದು. ಒಂದೊಂದು ಮೆಟ್ಟಿಲೂ ಗಟ್ಟಿ ಇದ್ದರೆ ಮಾತ್ರ ಕೊನೆಯದು ನಿಲ್ಲುತ್ತದೆ.

ಸಿಕ್ಕಿಕೊಂಡ ತುತ್ತು

ಇಲ್ಲಿ ಸ್ವಲ್ಪ ನಿಂತು ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ನಿಯಮ ಮುರಿದಾಗ ಬಹಳ ಜನ ಅನುಭವಿಸುವುದು ಇದನ್ನೇ.

ಬೈಪಾಸ್ ಆಪರೇಷನ್ ಆಗಿ ಎರಡು ತಿಂಗಳು. ತಟ್ಟೆಯಲ್ಲಿ ಒಣಗಿದ ಮಾಂಸದ ತುಂಡು ಅಥವಾ ಬ್ರೆಡ್. ಹಳೆಯ ಅಭ್ಯಾಸದಲ್ಲಿ ನಾಲ್ಕು ಸಲ ಅಗಿದು ನುಂಗಿದ್ದಾಗಿದೆ. ತುತ್ತು ಹೊಲಿಗೆಯ ಕಿರಿದಾದ ಜಾಗಕ್ಕೆ ಬಂದು ನಿಂತಿದೆ. ಎದೆ ಮೂಳೆಯ ಹಿಂದೆ ಬಿಗಿಯಾದ ಒತ್ತಡ. ಬಾಯಲ್ಲಿ ಜೊಲ್ಲು ಉಕ್ಕುತ್ತದೆ, ನೊರೆ ನೊರೆಯಾಗಿ. ಕೈ ತಾನಾಗಿಯೇ ನೀರಿನ ಲೋಟದ ಕಡೆ ಹೋಗುತ್ತದೆ, ಯಾಕೆಂದರೆ ಜೀವನವಿಡೀ ಗಂಟಲಲ್ಲಿ ಸಿಕ್ಕಿದ್ದನ್ನು ನೀರು ಕುಡಿದೇ ಇಳಿಸಿದ್ದು. ಈ ಸಲ ನೀರು ಇಳಿಯುವುದಿಲ್ಲ. ಬಿರಡೆ ಹಾಕಿದ ಬಾಟಲಿಗೆ ನೀರು ಹೊಯ್ದಂತೆ ತುತ್ತಿನ ಮೇಲೆ ನಿಲ್ಲುತ್ತದೆ. ನೋವು ಹೆಚ್ಚುತ್ತದೆ. ಕೊನೆಗೆ ಎಲ್ಲ ವಾಪಸ್ ಬರುತ್ತದೆ.

ಇಲ್ಲಿ ತಪ್ಪು ನೀರಿನದಾ? ಮೂಲ ಕಾರಣ ಅಗಿಯದ ತುತ್ತು, ಅವಸರ, ಒಣ ಆಹಾರ. ನೀರು ಅದನ್ನು ಬಿಗಡಾಯಿಸಿತು ಅಷ್ಟೇ. ಆಗ ಮಾಡಬೇಕಾದ್ದು ತಿನ್ನುವುದನ್ನೂ ಕುಡಿಯುವುದನ್ನೂ ನಿಲ್ಲಿಸಿ, ಎದ್ದು ನಿಂತು ಕಾಯುವುದು. ಹೆಚ್ಚಿನ ಸಲ ತಾನಾಗಿ ಇಳಿಯುತ್ತದೆ. ಗಂಟೆಗಟ್ಟಲೆ ಜೊಲ್ಲು ಕೂಡ ನುಂಗಲಾಗದಿದ್ದರೆ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಈ ತೊಂದರೆ ವಾರ ವಾರ ಮರುಕಳಿಸುತ್ತಿದ್ದರೆ ಹೊಲಿಗೆಯ ಜಾಗ ಕಿರಿದಾಗಿರಬಹುದು. ಅದನ್ನು ಎಂಡೋಸ್ಕೋಪಿ ಮಾಡಿ ನೋಡಬೇಕಾಗುತ್ತದೆ. ನಾನು ನೀರಿನ ನಿಯಮ ಮುರಿದೆ, ಅದಕ್ಕೇ ಹೀಗಾಯಿತು ಅಂತ ರೋಗಿ ತನ್ನನ್ನೇ ಬೈದುಕೊಂಡು ಸುಮ್ನೆ ಕೂತರೆ ನಿಜವಾದ ಕಾರಣ ಒಳಗೇ ಉಳಿಯುತ್ತದೆ.

ಸಾಕ್ಷ್ಯ ಎಷ್ಟು ಗಟ್ಟಿ

ನಿಯಮಕ್ಕೆ ಆಧಾರವಿಲ್ಲ ಅನ್ನುವವರ ವಾದವೂ ತಳ್ಳಿಹಾಕುವಂಥದ್ದಲ್ಲ. ಊಟದ ಜೊತೆ ಕುಡಿಯುವವರನ್ನೂ ಕುಡಿಯದವರನ್ನೂ ಎರಡು ಗುಂಪು ಮಾಡಿ ವರ್ಷಗಟ್ಟಲೆ ತೂಕ ನೋಡುವಂಥ ದೊಡ್ಡ ಪ್ರಯೋಗಗಳ ಮೇಲೆ ಈ ಸಲಹೆ ನಿಂತಿಲ್ಲ. ಇದು ಮುಖ್ಯವಾಗಿ ಸರ್ಜನ್‌ಗಳ ಮತ್ತು ಡಯಟಿಷಿಯನ್‌ಗಳ ಅನುಭವ, ಜೊತೆಗೆ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ ಅನ್ನುವ ತಿಳಿವಳಿಕೆಯಿಂದ ತೆಗೆದ ತೀರ್ಮಾನ.

ತೊಳೆದುಕೊಂಡು ಹೋಗುತ್ತದೆ ಅನ್ನುವ ವಾದವನ್ನೇ ತೆಗೆದುಕೊಳ್ಳಿ. ಆರೋಗ್ಯವಂತರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಒಂದೇ ಊಟವನ್ನು ಎರಡು ಥರ ಕೊಟ್ಟು ಎಂಆರ್‌ಐನಲ್ಲಿ ನೋಡಿದರು. ಒಮ್ಮೆ ಗಟ್ಟಿ ಆಹಾರ, ಪಕ್ಕದಲ್ಲಿ ನೀರು. ಇನ್ನೊಮ್ಮೆ ಅದೇ ಆಹಾರ, ಅದೇ ನೀರು, ಎರಡನ್ನೂ ಮಿಕ್ಸಿಗೆ ಹಾಕಿ ಮಾಡಿದ ಸೂಪ್. ಸೂಪ್ ಹೆಚ್ಚು ಹೊತ್ತು ಹೊಟ್ಟೆಯಲ್ಲಿ ನಿಂತಿತು, ಹಸಿವನ್ನೂ ಹೆಚ್ಚು ಹೊತ್ತು ತಡೆಯಿತು. ಪಕ್ಕದಲ್ಲಿ ಕುಡಿದ ನೀರು ಬೇಗ ಇಳಿದುಹೋಯಿತು. ಅಂದರೆ ಮಾಮೂಲಿ ಹೊಟ್ಟೆಯಲ್ಲಿ ನೀರು ಊಟವನ್ನು ಎಳೆದುಕೊಂಡು ಹೋಗುವುದಕ್ಕಿಂತ ತಾನೇ ಜಾರಿಹೋಗುತ್ತದೆ. ಆಪರೇಷನ್ ಆದ ಹೊಟ್ಟೆಗೆ ಇದನ್ನು ಹಾಗೇ ಅನ್ವಯಿಸುವಂತಿಲ್ಲ, ಅಲ್ಲಿ ಗಿರಣಿಯೂ ಚೀಲವೂ ಬೇರೆ. ಆದರೆ ನಲ್ಲಿ ನೀರಿನಡಿ ತಟ್ಟೆ ತೊಳೆದಷ್ಟು ಸರಳ ಚಿತ್ರವಂತೂ ಇದಲ್ಲ.

ಹೊಟ್ಟೆ ಹಿಗ್ಗುತ್ತದೆ ಅನ್ನುವ ಭಯ ಇನ್ನೂ ಸಡಿಲ. ನೀರು ನಿಲ್ಲುವ ವಸ್ತುವಲ್ಲ. ಪುಟ್ಟ ಚೀಲದಿಂದ ಅದು ಕೆಲವೇ ನಿಮಿಷಕ್ಕೆ ಇಳಿದುಹೋಗುತ್ತದೆ. ವರ್ಷಗಳು ಕಳೆದಂತೆ ಚೀಲವೋ ಕೊಳವೆಯೋ ಸ್ವಲ್ಪ ದೊಡ್ಡದಾಗುವುದು ಇದ್ದದ್ದೇ. ಅದನ್ನು ಒಂದು ಲೋಟ ನೀರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾಗಂತ ಕುಡಿಯುವುದಕ್ಕೂ ತೂಕಕ್ಕೂ ಸಂಬಂಧವೇ ಇಲ್ಲ ಅಂತ ಅಲ್ಲ. ಸಂಬಂಧ ಬೇರೆ ಕಡೆ ಇದೆ. ಚಿಪ್ಸ್, ಬಿಸ್ಕತ್ತು, ಕೇಕ್‌ನಂಥ ತಿಂಡಿಗಳು ಬಾಯಲ್ಲೇ ಕರಗುತ್ತವೆ. ಜೊತೆಗೆ ಗುಟುಕು ಗುಟುಕು ಕುಡಿಯುತ್ತಾ ಹೋದರೆ ಅವು ಎಲ್ಲೂ ತಡೆಯದೆ ಜಾರಿ ಇಳಿಯುತ್ತವೆ. ಸಾಕು ಅನ್ನುವ ಸೂಚನೆಯೇ ಬರುವುದಿಲ್ಲ. ಸಿಹಿ ಪಾನೀಯ, ಜ್ಯೂಸ್, ಐಸ್‌ಕ್ರೀಂ ಹಾಕಿದ ಶೇಕ್ ಕೂಡ ಹಾಗೇ. ಚೀಲ ಎಷ್ಟೇ ಚಿಕ್ಕದಿದ್ದರೂ ದ್ರವವಾಗಿ ಬರುವ ಕ್ಯಾಲೊರಿಯನ್ನು ಅದು ತಡೆಯಲಾರದು. ತೂಕ ವಾಪಸ್ ಬರುವುದರ ಬಗ್ಗೆ ಎಚ್ಚರಿಸಬೇಕಾದದ್ದು ಇದರ ಬಗ್ಗೆ. ಮೊಟ್ಟೆಯ ಜೊತೆ ಕುಡಿದ ಎರಡು ಗುಟುಕು ನೀರಿನ ಬಗ್ಗೆ ಅಲ್ಲ.

ಗಡಿಯಾರದ ಲೆಕ್ಕ

ಈಗ ನಿಜವಾದ ಜಗಳಕ್ಕೆ ಬರೋಣ. ಕಾಗದ ಪೆನ್ಸಿಲ್ ಹಿಡಿದು ಒಂದು ದಿನದ ಲೆಕ್ಕ ಹಾಕಿ.

ಎಚ್ಚರವಾಗಿರುವುದು 16 ಗಂಟೆ, ಅಂದರೆ 960 ನಿಮಿಷ. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಆರು ಸಣ್ಣ ಊಟ ಅಂದುಕೊಳ್ಳಿ. ನಿಧಾನಕ್ಕೆ ಅಗಿದು ತಿನ್ನೋಕೆ ಒಂದೊಂದಕ್ಕೆ 25 ನಿಮಿಷ. ಊಟಕ್ಕೆ ಮೊದಲು 30 ನಿಮಿಷ, ನಂತರ 30 ನಿಮಿಷ ನೀರಿಲ್ಲ. ಒಂದು ಊಟಕ್ಕೆ 85 ನಿಮಿಷ ಹೋಯಿತು. ಆರು ಊಟಕ್ಕೆ 510 ನಿಮಿಷ. ಕುಡಿಯಲು ಉಳಿದದ್ದು 450.

ಹೊಸದಾಗಿ ಆಪರೇಷನ್ ಆದವರು ಒಮ್ಮೆಗೆ ಗಟಗಟ ಕುಡಿಯಲಾರರು. ಔಷಧಿ ಕುಡಿಯುವ ಪುಟ್ಟ ಪ್ಲಾಸ್ಟಿಕ್ ಬಟ್ಟಲು ನೆನಪು ಮಾಡಿಕೊಳ್ಳಿ, 30 ಮಿಲಿಲೀಟರ್‌ನದು. ಕಾಲು ಗಂಟೆಗೆ ಅಂಥ ಒಂದು ಬಟ್ಟಲು ಇಳಿಯುತ್ತದೆ ಅಂತಿಟ್ಟುಕೊಂಡರೆ 450 ನಿಮಿಷದಲ್ಲಿ 30 ಬಟ್ಟಲು, 900 ಮಿಲಿಲೀಟರ್. ಒಂದೂವರೆ ಲೀಟರ್ ಎಲ್ಲಿ, ಇದೆಲ್ಲಿ! ಒಂದು ನಿಮಿಷವೂ ತಪ್ಪದೆ, ನಿಯಮ ಮುರಿಯದೆ ಪಾಲಿಸಿದವರಿಗೇ 600 ಮಿಲಿಲೀಟರ್ ಕಡಿಮೆ ಬಿತ್ತು. ಇದರಲ್ಲಿ ಆ ಮನುಷ್ಯನ ತಪ್ಪೇನಿದೆ?

ಊಟಕ್ಕೆ ಮೊದಲಿನ ಅರ್ಧ ಗಂಟೆಯನ್ನು ಐದು ನಿಮಿಷಕ್ಕೆ ಇಳಿಸಿ ನೋಡಿ. ಆಗ ಒಂದು ಊಟಕ್ಕೆ 60 ನಿಮಿಷ, ಆರಕ್ಕೆ 360. ಕುಡಿಯಲು 600 ನಿಮಿಷ ಸಿಕ್ಕಿತು. ಅದೇ ವೇಗದಲ್ಲಿ 1,200 ಮಿಲಿಲೀಟರ್. ಊಟದ ಸಂಖ್ಯೆಯನ್ನೂ ಐದಕ್ಕೆ ಇಳಿಸಿದರೆ 1,320. ಪ್ರೋಟೀನ್ ಶೇಕ್, ಹಾಲು, ತಿಳಿ ಸೂಪ್ ಇವನ್ನೂ ದ್ರವದ ಲೆಕ್ಕಕ್ಕೆ ಸೇರಿಸಿದರೆ ಗುರಿ ಕೈಗೆ ಸಿಗುತ್ತದೆ.

ಊಟಕ್ಕೆ ಮೊದಲಿನ ಅರ್ಧ ಗಂಟೆಗೆ ಕಾರಣವೇನು ಅಂತ ಹುಡುಕಿದರೆ ಗಟ್ಟಿಯಾದದ್ದು ಸಿಗುವುದಿಲ್ಲ. ಕುಡಿದ ನೀರು ಅಷ್ಟರಲ್ಲಿ ಇಳಿದುಹೋಗಿರುತ್ತದೆ, ಮುಂದೆ ಬರುವ ಊಟಕ್ಕೆ ಅಡ್ಡಿ ಮಾಡಲು ಅಲ್ಲಿ ಉಳಿದೇ ಇರುವುದಿಲ್ಲ. ಊಟದ ನಂತರದ ಅರ್ಧ ಗಂಟೆಗೆ ಇರುವ ಕಾರಣ ಇದಕ್ಕಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ, ಒಂದೇ ಧ್ವನಿಯಲ್ಲಿ ಹೇಳುವ ಹಾಳೆಗಳನ್ನು ಬದಲಿಸಬೇಕಾದ ಕಾಲ ಬಂದಿದೆ.

ಇನ್ನೊಂದು ಸಂಗತಿ. ಮೊದಲ ಒಂದೆರಡು ವಾರ ಊಟವೇ ದ್ರವ. ಆಗ ಊಟದ ಜೊತೆ ಕುಡಿಯಬಾರದು ಅನ್ನುವ ಮಾತಿಗೆ ಅರ್ಥವೇ ಇರುವುದಿಲ್ಲ. ನಿಯಮ ಕಚ್ಚಲು ಶುರುವಾಗುವುದು ಮೆತ್ತನೆಯ, ಅರೆದ ಆಹಾರಕ್ಕೆ ಬಂದಾಗ. ಗುಟುಕು ಇನ್ನೂ ಚಿಕ್ಕದು, ಊಟ ಮಾತ್ರ ಗಡಿಯಾರದಲ್ಲಿ ಜಾಗ ಕೇಳುತ್ತಿದೆ. ನೀರು ಕಡಿಮೆಯಾಗುವ ಭಯ ಜಾಸ್ತಿ ಇರುವುದು ಈ ವಾರಗಳಲ್ಲೇ.

ನೀರು ಕಡಿಮೆಯಾದರೆ ಆಗುವುದೇನು

ತೂಕದ ಆಪರೇಷನ್ ಆದವರು ಮೊದಲ ತಿಂಗಳಲ್ಲಿ ಮತ್ತೆ ಆಸ್ಪತ್ರೆಗೆ ಓಡಿಬರುವ ಮುಖ್ಯ ಕಾರಣಗಳಲ್ಲಿ ವಾಕರಿಕೆ, ವಾಂತಿ ಮತ್ತು ನಿರ್ಜಲೀಕರಣ ಮೇಲಿನ ಸಾಲಿನಲ್ಲಿವೆ. ಡ್ರಿಪ್ ಹಾಕಿದರೆ ಹೆಚ್ಚಿನವರು ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಎಲ್ಲರ ವಿಷಯದಲ್ಲೂ ಅದು ಅಲ್ಲಿಗೇ ಮುಗಿಯುವುದಿಲ್ಲ.

ಒಂದು ಸರಪಳಿ ಹೀಗಿದೆ. ನೀರು ಕಡಿಮೆಯಾದರೆ ವಾಕರಿಕೆ ಬರುತ್ತದೆ. ವಾಕರಿಕೆ ಬಂದರೆ ಕುಡಿಯಲು ಮನಸ್ಸಾಗುವುದಿಲ್ಲ. ಕುಡಿಯದಿದ್ದರೆ ನೀರು ಇನ್ನೂ ಕಡಿಮೆ. ಮೂತ್ರ ಕಡು ಹಳದಿಯಾಗುತ್ತದೆ, ಬಾಯಿ ಒಣಗುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮೊದಲಿನಂತೆಯೇ ನುಂಗುತ್ತಿದ್ದರೆ ಇದು ಮತ್ತೂ ಬೇಗ ಕೆಡುತ್ತದೆ. ಆಪರೇಷನ್ ನಂತರ ಇಂಥ ಮಾತ್ರೆಗಳ ಪ್ರಮಾಣವನ್ನು ವೈದ್ಯರ ಹತ್ತಿರ ಮತ್ತೆ ಕೇಳಲೇಬೇಕು. ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ.

ಇನ್ನೊಂದು ಸರಪಳಿ ನಿಧಾನದ್ದು. ಬೈಪಾಸ್ ಆದವರ ಮೂತ್ರದಲ್ಲಿ ಆಕ್ಸಲೇಟ್ ಅನ್ನುವ ವಸ್ತು ಹೆಚ್ಚಾಗುವುದುಂಟು. ಅದು ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುತ್ತದೆ. ಮೂತ್ರ ತೆಳುವಾಗಿದ್ದರೆ ಕಲ್ಲು ಕಟ್ಟುವುದು ಕಷ್ಟ. ದಿನಾ ಸಾಕಷ್ಟು ಕುಡಿಯಿರಿ ಅನ್ನುವ ಸಲಹೆ ಆಪರೇಷನ್ ಆಗಿ ಹತ್ತು ವರ್ಷವಾದವರಿಗೂ ಉಳಿಯುವುದು ಅದಕ್ಕೇ. ಮಲಬದ್ಧತೆಯ ಕಷ್ಟ ಹೇಳುವುದೇ ಬೇಡ.

ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ವಿಷಯ ನೀರಿನದಷ್ಟೇ ಅಲ್ಲ. ಥಯಮಿನ್, ಅಂದರೆ ವಿಟಮಿನ್ ಬಿ1, ದೇಹದಲ್ಲಿ ಕೆಲವೇ ವಾರಕ್ಕೆ ಸಾಕಾಗುವಷ್ಟು ಮಾತ್ರ ಇರುತ್ತದೆ. ಅದು ಖಾಲಿಯಾದರೆ ಮೆದುಳಿಗೇ ಹಾನಿ. ಕಣ್ಣಿನ ಚಲನೆ ತಪ್ಪುತ್ತದೆ, ನಡಿಗೆ ತಪ್ಪುತ್ತದೆ, ಮನಸ್ಸು ಗೊಂದಲವಾಗುತ್ತದೆ. ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಇದು ಇನ್ನೂ ಕೆಡಬಹುದು. ಆದ್ದರಿಂದ ಯಾವುದೇ ತುರ್ತು ಚಿಕಿತ್ಸೆಗೆ ಹೋದರೂ ತೂಕದ ಆಪರೇಷನ್ ಆಗಿದೆ ಮತ್ತು ಇಷ್ಟು ದಿನದಿಂದ ವಾಂತಿ ಆಗುತ್ತಿದೆ ಅಂತ ಮೊದಲ ಮಾತಿನಲ್ಲೇ ಹೇಳಬೇಕು.

ಎರಡೂ ಕಡೆಯ ನಷ್ಟವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಊಟದ ಜೊತೆ ನಾಲ್ಕು ಗುಟುಕು ಕುಡಿದದ್ದಕ್ಕೆ ಹೆಚ್ಚಾಗಿ ಆಗುವುದು ಒಂದಿಷ್ಟು ಕಿರಿಕಿರಿ, ವಾಕರಿಕೆ ಅಥವಾ ಡಂಪಿಂಗ್‌ನ ಒಂದು ಗಂಟೆ. ದಿನಗಟ್ಟಲೆ ನೀರು ಕಡಿಮೆಯಾದರೆ ಆಸ್ಪತ್ರೆಯ ಹಾಸಿಗೆ. ನೀರಿನ ಲೆಕ್ಕ ಮೊದಲು ಅಂದದ್ದು ಇದೇ ಕಾರಣಕ್ಕೆ.

ಯಾರಿಗೆ ಎಷ್ಟು ಬಿಗಿ

ಬೈಪಾಸ್ ಆಗಿದ್ದು ಡಂಪಿಂಗ್ ಕಾಣಿಸಿಕೊಂಡವರು ಊಟದ ನಂತರದ ಅರ್ಧ ಗಂಟೆಯನ್ನು ಬಿಗಿಯಾಗಿ ಹಿಡಿಯುವುದೇ ಸರಿ. ಅವರಿಗೆ ಈ ನಿಯಮ ಔಷಧಿಯಿದ್ದ ಹಾಗೆ. ಆದರೆ ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತಿದ್ದರೆ ಅರ್ಧ ಗಂಟೆ ಆಗಲಿ ಅಂತ ಕೂರುವಂತಿಲ್ಲ. ಆಗ ವೈದ್ಯರು ಹೇಳಿದಂತೆ ತಕ್ಷಣ ಸಕ್ಕರೆ ತೆಗೆದುಕೊಳ್ಳಬೇಕು, ಅದು ದ್ರವವಾಗಿದ್ದರೂ ಸರಿ.

ಸ್ಲೀವ್ ಆಗಿ ಮೊದಲ ಮೂರು ತಿಂಗಳಲ್ಲಿ ಇರುವವರಿಗೆ ಜಾಗವೇ ಕಡಿಮೆ. ಊಟದ ನಡುವೆ ಕುಡಿಯದಿರುವುದು ಅವರಿಗೇ ಹಿತ. ದೇಹವೇ ಅದನ್ನು ಬೇಗ ಕಲಿಸಿಬಿಡುತ್ತದೆ. ವರ್ಷ ಕಳೆದು, ಎದೆ ಉರಿಯಿಲ್ಲದೆ, ವಾಂತಿಯಿಲ್ಲದೆ, ಪ್ರೋಟೀನ್ ಸರಿಯಾಗಿ ತಿನ್ನುತ್ತಿರುವವರು ಒಣ ತುತ್ತಿನ ನಡುವೆ ಒಂದು ಗುಟುಕು ತೆಗೆದುಕೊಂಡರೆ ಅಪರಾಧವೇನಲ್ಲ. ಅದನ್ನು ತಮ್ಮ ಡಯಟಿಷಿಯನ್ ಹತ್ತಿರ ಮುಚ್ಚಿಡಬೇಕಾದ್ದೂ ಇಲ್ಲ. ಹೊಟ್ಟೆಯ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುವ ಹಳೆಯ ಬ್ಯಾಂಡ್ ಆಪರೇಷನ್ ಆದವರು ಈಗ ಕಡಿಮೆ. ಪಟ್ಟಿಯ ಮೇಲೆ ಊಟ ನಿಂತು ಹೊಟ್ಟೆ ತುಂಬಿದ ಭಾವ ಕೊಡುವುದೇ ಅದರ ಉಪಾಯವಾದ್ದರಿಂದ ಅವರಿಗೆ ಹೇಳುವ ಸಲಹೆ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ.

ಮಾತ್ರೆ ನುಂಗಲು ಬೇಕಾದ ಗುಟುಕು ಯಾರ ಲೆಕ್ಕಕ್ಕೂ ಬರಬಾರದು. ನೀರಿನ ಭಯಕ್ಕೆ ವಿಟಮಿನ್ ಮಾತ್ರೆ ತಪ್ಪಿಸುವುದು ನಿಜವಾದ ನಷ್ಟ. ಜ್ವರ, ಭೇದಿ, ಬಿರುಬಿಸಿಲಿನ ದಿನಗಳಲ್ಲೂ ಗಡಿಯಾರ ಪಕ್ಕಕ್ಕಿಟ್ಟು ಕುಡಿಯುವುದೇ ಸರಿ. ಬರೀ ನೀರು ಬಾಯಿಗೆ ಹಿಡಿಸದಿದ್ದರೆ ಬಿಸಿ ಅಥವಾ ತಣ್ಣನೆ ಮಾಡಿ, ಸಕ್ಕರೆಯಿಲ್ಲದ ಸ್ವಲ್ಪ ರುಚಿ ಸೇರಿಸಿ ನೋಡಬಹುದು. ಆಪರೇಷನ್ ನಂತರ ನೀರೇ ಭಾರ ಅನ್ನಿಸುವುದು ಬಹಳ ಜನರ ಅನುಭವ.

ಮದ್ಯದ ವಿಷಯ ಇದರ ಜೊತೆ ಬೆರೆಸಬಾರದು. ಬೈಪಾಸ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಏರುತ್ತದೆ, ಹೆಚ್ಚು ಏರುತ್ತದೆ. ಅರ್ಧ ಗಂಟೆ ತಡೆದು ಕುಡಿದರೂ ಅದು ಹಾಗೇ.

ಆಸ್ಪತ್ರೆಗಳು ಹಾಳೆಯಲ್ಲಿ ಬರೆಯುವ ಸಾಲನ್ನು ಸ್ವಲ್ಪ ತಿದ್ದಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಯಾವ ಆಪರೇಷನ್, ಯಾವ ತಿಂಗಳು, ಯಾವ ಕಾರಣಕ್ಕೆ ಅಂತ ಒಂದೊಂದು ಪದ ಸೇರಿಸಿದರೂ ಸಾಕು. ಅಲ್ಲಿಯವರೆಗೆ ರೋಗಿ ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಭೇಟಿಗೆ ಮೊದಲು ಮೂರು ದಿನ, ಕುಡಿದದ್ದನ್ನೆಲ್ಲ ಮಿಲಿಲೀಟರ್‌ನಲ್ಲಿ ಬರೆದಿಡುವುದು. ಯಾವ ಊಟದ ನಂತರ ಏನಾಯಿತು ಅಂತ ಪಕ್ಕದಲ್ಲೇ ಒಂದು ಸಾಲು. ಆ ಚೀಟಿಯನ್ನು ಮೇಜಿನ ಮೇಲಿಟ್ಟು ಕೇಳಬೇಕು: ನನಗೆ ದಿನಕ್ಕೆ ಇಷ್ಟೇ ಇಳಿಯುತ್ತಿದೆ, ಇದರಲ್ಲಿ ಯಾವ ಅರ್ಧ ಗಂಟೆಯನ್ನು ಬಿಡಲಿ?